ಮನೆಯ ಹೆಸರು, ಹೊರಗಿನ ಹೆಸರು

ಮನೆಯಲ್ಲಿ ನನ್ನ ಹೆಸರು ಪುಟ್ಟ. ಶಾಲೆಯ ದಾಖಲೆಯಲ್ಲಿ ಬೇರೆ. ಪಿ.ಯು. ಮುಗಿಸಿದ ವರ್ಷ ದಾಖಲೆಯ ಹೆಸರಿಗೆ ವಿದ್ಯಾರ್ಥಿವೇತನದ ಕಾಗದವೊಂದು ಊರಿಗೆ ಬಂದಿತು. ತಂದೆತಾಯಿಗಳು ಹೊಲದಲ್ಲಿದ್ದರು, ಬೀದಿಯವರಿಗೆ ಆ ಹೆಸರು ತಿಳಿಯದು. ಕಾಗದ ಹಿಂದಕ್ಕೆ ಹೋಯಿತು, ಗಡುವೂ ಮುಗಿಯಿತು. ಹೆಸರು ಸರಿಯಾಗಿತ್ತು, ನಾನೂ ಊರಲ್ಲಿದ್ದೆ; ಎರಡನ್ನೂ ಕೂಡಿಸುವ ಕೊಂಡಿ ಮಾತ್ರ ಇರಲಿಲ್ಲ. ತಪ್ಪು ನನ್ನದೇ ಎಂದು ಬಹಳ ದಿನ ಕುಗ್ಗಿದ್ದೆ.

ಇಂಥದೇ ತೊಡಕು ಗಣಕಯಂತ್ರಕ್ಕೂ ಒಮ್ಮೆ ಒದಗಿತೆಂದು ತಿಳಿದಾಗ ನನಗೆ ಸೋಜಿಗವಾಯಿತು. ಕಲಾ ವಿದ್ಯಾರ್ಥಿಗೆ ಗಣಕದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಹೆಸರು ಮತ್ತು ವ್ಯಾಕರಣದ ಮಾತಾದುದರಿಂದ ಇದು ನಮ್ಮದೂ ಹೌದು.

ಫೋರ್ಟ್ರಾನ್ ಎಂಬುದು ಲೆಕ್ಕಗಳಿಗೆಂದೇ ಹುಟ್ಟಿದ ಗಣಕಭಾಷೆ. ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಇದನ್ನು ರೂಪಿಸಿ 1957ರಲ್ಲಿ ಹೊರತಂದರು. ಈ ಭಾಷೆಯಲ್ಲಿ ಬರೆದುದನ್ನು ಯಂತ್ರದ ನುಡಿಗೆ ತಿರುಗಿಸುವ ದುಭಾಷಿಯೇ ಕಂಪೈಲರ್. ಮೊದಲು ಹೆಸರುಗಳಿಗೆ ಆರೇ ಅಕ್ಷರಗಳ ಮಿತಿ ಇತ್ತು. ಬೇರೆ ಬೇರೆಯವರು ಬರೆದ ಭಾಗಗಳು ಒಂದೇ ಹೆಸರಿಟ್ಟುಕೊಂಡು ಜಗಳವಾಡುತ್ತಿದ್ದವು. ಫೋರ್ಟ್ರಾನ್ 90ರಲ್ಲಿ ಇದಕ್ಕೊಂದು ಪರಿಹಾರ ಬಂದಿತು. ಅದೇ ಮಾಡ್ಯೂಲ್.

ಮಾಡ್ಯೂಲನ್ನು ಒಂದು ಮನೆಯೆಂದು ಭಾವಿಸೋಣ. ‘ಪಬ್ಲಿಕ್’ ಎಂದ ಹೆಸರನ್ನು ಹೊರಗಿನವರು ಕರೆಯಬಹುದು. ‘ಪ್ರೈವೇಟ್’ ಎಂದುದು ಮನೆಯೊಳಗೆ ಮಾತ್ರ. ಏನೂ ಹೇಳದಿದ್ದರೆ ಎಲ್ಲವೂ ಪಬ್ಲಿಕ್. ಇನ್ನೊಂದು ಸೌಕರ್ಯವೂ ಉಂಟು. ಒಂದು ಸಾಮಾನ್ಯ ಹೆಸರನ್ನು ಹೊರಗೆ ತೋರಿಸಿ, ಅದರ ಹಿಂದೆ ನಿಜವಾಗಿ ಕೆಲಸ ಮಾಡುವವರನ್ನು ಪ್ರೈವೇಟ್ ಆಗಿಯೇ ಇಡಬಹುದು. ಹೊರಗಿನವರು ಸಾಮಾನ್ಯ ಹೆಸರಿನಿಂದ ಕರೆದರೆ, ಕಂಪೈಲರು ಸೂಕ್ತ ಕೆಲಸಗಾರನನ್ನು ಆರಿಸಿ ಅವನ ಒಳಹೆಸರನ್ನೇ ಯಂತ್ರದ ಕಡತದಲ್ಲಿ ಬರೆದುಬಿಡುತ್ತದೆ. ಕೊನೆಗೆ ಲಿಂಕರ್ ಎಂಬ ಅಂಚೆಯವನು ಆ ಒಳಹೆಸರನ್ನು ಹುಡುಕಿ ಕಡತಗಳನ್ನು ಜೋಡಿಸುತ್ತಾನೆ.

2012ರಲ್ಲಿ, ಉಚಿತವಾಗಿ ದೊರೆಯುವ ಜಿಫೋರ್ಟ್ರಾನ್ ಎಂಬ ಕಂಪೈಲರಿನ ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಪ್ರೈವೇಟ್ ಹೆಸರುಗಳನ್ನು ಲಿಂಕರಿನಿಂದಲೂ ಮರೆಮಾಡಿದರೆ ಪ್ರೋಗ್ರಾಮು ಹಗುರವಾಗಿ ಓಡೀತೆಂದು ಅದರ ನಿರ್ಮಾಪಕರು ಎಣಿಸಿದರು. ಎಣಿಕೆ ಸರಿ, ಆದರೆ ಸಾಮಾನ್ಯ ಹೆಸರಿನ ಹಿಂದಿರುವ ಕೆಲಸಗಾರರನ್ನು ಮರೆತರು. ಅಂಚೆಯವನು ಬಂದು ಕೇಳಿದಾಗ ಮನೆಯವರು ‘ಅಂಥವರು ಇಲ್ಲಿಲ್ಲ’ ಎಂದಂತಾಯಿತು. ಡಬ್ಲ್ಯುಆರ್‌ಎಫ್ ಎಂಬ ಹವಾಮಾನದ ದೊಡ್ಡ ಪ್ರೋಗ್ರಾಮೇ ಕಟ್ಟಲಾಗದೆ ನಿಂತಿತು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ, ತಪ್ಪು ದುಭಾಷಿಯದು. ಪರಿಹಾರ ಸಣ್ಣದು: ‘ಪ್ರೈವೇಟ್ ಆದರೂ ಹೊರಗಿನಿಂದ ಬಳಕೆಯಲ್ಲಿದೆ’ ಎಂಬ ಗುರುತೊಂದನ್ನು ಅಂಥ ಹೆಸರುಗಳಿಗೆ ಹಚ್ಚಿದರು. ಬಾಗಿಲು ತೆರೆಯಿತು.

ಮುನ್ಸೂಚನೆ ಕೇಳಿ ರಾಗಿ ಬಿತ್ತುವ ನಮ್ಮ ತಂದೆಗೆ ಫೋರ್ಟ್ರಾನ್ ಎಂಬ ಹೆಸರೇ ತಿಳಿಯದು. ಆದರೂ ಮಳೆಯ ಲೆಕ್ಕದ ಪ್ರೋಗ್ರಾಮುಗಳು ಬಹುಮಟ್ಟಿಗೆ ಈ ಭಾಷೆಯಲ್ಲಿಯೇ ಇವೆ. ಎಲ್ಲಿಯೋ ಒಂದು ಹೆಸರು ಮರೆಯಾದರೆ ಅದರ ಬಿಸಿ ದೊಡ್ಡಬಳ್ಳಾಪುರದ ಹೊಲಕ್ಕೂ ತಟ್ಟಬಹುದು.

ಇದರಿಂದ ನಾನು ಕಲಿತದ್ದು ಎರಡು. ಕೆಲಸ ಕೆಟ್ಟಾಗ ಮೊದಲು ನಮ್ಮ ಬರಹವನ್ನು ಪರೀಕ್ಷಿಸಬೇಕು. ಆದರೆ ತಪ್ಪೆಲ್ಲ ನಮ್ಮದೇ ಎಂದು ತಲೆ ತಗ್ಗಿಸಬೇಕಾಗಿಲ್ಲ. ಎರಡನೆಯದು, ಒಳಗಿನ ಹೆಸರಿಗೂ ಹೊರಗಿನ ಹೆಸರಿಗೂ ಕೊಂಡಿ ಬೇಕು. ಈಗ ಯಾವ ಅರ್ಜಿ ತುಂಬಿದರೂ ವಿಳಾಸದಲ್ಲಿ ನನ್ನ ಹೆಸರಿನ ಮುಂದೆ ‘ಉರುಫ್ ಪುಟ್ಟ’ ಎಂದು ಬರೆಯುತ್ತೇನೆ. ಕಾಗದಗಳು ತಪ್ಪದೆ ಬರುತ್ತಿವೆ.

— ಅಂತಿಮ ಬಿ.ಎ. ವಿದ್ಯಾರ್ಥಿ