ನರ್ಸ್ ಕೈಯ ಪೆನ್ನು ಪಡೆದವರು

ಗೋವೆಯ ಕುಂಕಳ್ಳಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವವರ ನಡುವೆ ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಬಂದವರೂ ಇದ್ದಾರೆ. ಕಾಯಿಲೆ ಜೋರಾದರೆ ಅವರು ಸುಮಾರು 15 ಕಿಲೋಮೀಟರ್ ದೂರದ ಮಡಗಾಂವಿನ ಜಿಲ್ಲಾ ಆಸ್ಪತ್ರೆಗೋ, ಅಲ್ಲಿಂದ ಮುಂದೆ ಬಾಂಬೋಲಿಯ ಗೋವಾ ವೈದ್ಯಕೀಯ ಕಾಲೇಜಿಗೋ ಹೋಗಬೇಕು. ಅಲ್ಲಿ ಹೆಸರು, ವಯಸ್ಸು, ವಿಳಾಸ ಬರೆಯುವುದು ಸಣ್ಣ ಕೆಲಸವಲ್ಲ. 2016ರಲ್ಲಿ ಬಂದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯೆಂಬ ಸರ್ಕಾರಿ ಆರೋಗ್ಯ ವಿಮೆ ಗೋವೆಯಲ್ಲಿ ಐದು ವರ್ಷ ನೆಲೆಸಿದವರಿಗೆ ಮಾತ್ರ ಸಿಗುತ್ತದೆ. 2018ರ ಜನವರಿಯಿಂದ ಅಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಹೊರರಾಜ್ಯದವರಿಂದ ಶುಲ್ಕ ಪಡೆಯತೊಡಗಿದವು. ಕೇಸ್ ಶೀಟಿನ ವಿಳಾಸದ ಸಾಲು ಕೂಲಿಕಾರನ ತಿಂಗಳ ಗಳಿಕೆಯನ್ನೇ ನುಂಗಬಹುದು. ವಾರ್ಡಿನಲ್ಲಿ ಆ ಹಾಳೆಗಳನ್ನು ನೋಡಿಕೊಳ್ಳುವ ವಾರ್ಡ್ ಕ್ಲರ್ಕ್ ಅಥವಾ ವಾರ್ಡ್ ಸೆಕ್ರೆಟರಿಯ ಹುದ್ದೆಯನ್ನು ಗುಮಾಸ್ತಿಕೆಯೆಂದು ಬದಿಗಿಡದೆ, ರೋಗಿಯ ಸುರಕ್ಷತೆಯ ಭಾಗವೆಂದು ಎಣಿಸಬೇಕು ಎಂಬುದು ನನ್ನ ವಾದ.

ಈ ಹುದ್ದೆ ಬೇರೂರಿದ್ದು ನರ್ಸ್‌ಗಳ ಕೊರತೆಯಿಂದ. ಆಸ್ಪತ್ರೆಯ ದಾಖಲೆ ಏಕರೂಪವಾಗಿರಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದ ನಡುವಿನಲ್ಲೇ ಪಟ್ಟುಹಿಡಿದಿದ್ದರು. ಆದರೆ ವಾರ್ಡಿನೊಳಗೆ ಬರೆಯುವ ಹೊಣೆ ಬಿದ್ದದ್ದು ಶುಶ್ರೂಷೆ ಮಾಡುವ ಕೈಗಳ ಮೇಲೆಯೇ. ಅಮೆರಿಕದ ಪಿಟ್ಸ್‌ಬರ್ಗ್‌ನ ಮಾಂಟಿಫಿಯೋರ್ ಆಸ್ಪತ್ರೆಯಲ್ಲಿ 1940ರಲ್ಲಿ ಆಡಳಿತಾಧಿಕಾರಿ ಅಬ್ರಹಾಂ ಓಸೆರಾಫ್ ಪ್ರತಿ ಅಂತಸ್ತಿಗೊಬ್ಬ ಕಾರ್ಯದರ್ಶಿ ಇರಲಿ ಎಂಬ ಪ್ರಯೋಗಕ್ಕೆ ಕೈಹಾಕಿದರು. ಎರಡನೇ ಮಹಾಯುದ್ಧಕ್ಕೆ ನರ್ಸ್‌ಗಳು ಹೊರಟುಹೋದಾಗ ಆ ಪ್ರಯೋಗ ಅನಿವಾರ್ಯವಾಯಿತು. ಫೋನ್ ಎತ್ತುವುದು, ವೈದ್ಯರ ಆದೇಶವನ್ನು ಲ್ಯಾಬ್‌ಗೂ ಔಷಧ ವಿಭಾಗಕ್ಕೂ ಮುಟ್ಟಿಸುವುದು, ಬಂದ ವರದಿಯನ್ನು ಸರಿಯಾದ ರೋಗಿಯ ಹಾಳೆಗೆ ಸೇರಿಸುವುದು, ಡಿಸ್ಚಾರ್ಜ್ ಕಾಗದ ಕೂಡಿಸುವುದು ಹೀಗೆ ಕೆಲಸ ಬೆಳೆಯುತ್ತ ಹೋಯಿತು. 1980ರಲ್ಲಿ ಅಲ್ಲಿ ಈ ನೌಕರರದೇ ರಾಷ್ಟ್ರೀಯ ಸಂಘ ಹುಟ್ಟಿತು. ತರಬೇತಿ, ಪ್ರಮಾಣಪತ್ರಗಳು ಬಂದವು. ಖರ್ಚು ಉಳಿಸಲೆಂದು ಬಂದ ಕೆಲಸ ವೃತ್ತಿಯಾಯಿತು.

ಭಾರತದಲ್ಲಿ ಕೊರತೆ ಇನ್ನೂ ಭೀಕರವಾಗಿತ್ತು. 43,000 ಜನರಿಗೆ ಒಬ್ಬ ನರ್ಸ್ ಎಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಲೆಕ್ಕ ಕೊಟ್ಟಿತು. ಅಷ್ಟು ಅಪರೂಪದ ಕೈಗಳಿಗೆ ಇಂಡೆಂಟ್ ಬರೆಯುವ, ರಿಜಿಸ್ಟರ್ ತುಂಬುವ ಕೆಲಸವನ್ನೂ ಹೊರಿಸಿದ್ದು ನಮ್ಮ ವ್ಯವಸ್ಥೆಯ ದೊಡ್ಡ ತಪ್ಪು. 1987ರಲ್ಲಿ ರಚನೆಯಾಗಿ 1989ರಲ್ಲಿ ವರದಿ ಕೊಟ್ಟ, ನರ್ಸಿಂಗ್ ಕುರಿತ ಉನ್ನತಾಧಿಕಾರ ಸಮಿತಿ, ಶುಶ್ರೂಷೆಯಲ್ಲದ ಕೆಲಸಗಳಿಂದ ನರ್ಸ್‌ಗಳನ್ನು ಬಿಡಿಸಿ ಎಂದು ಹೇಳಿತು. ಆದರೂ ಎಷ್ಟೋ ಸರ್ಕಾರಿ ವಾರ್ಡುಗಳಲ್ಲಿ ರೋಗಿ ಕರೆಯುವಾಗ ಸಿಸ್ಟರ್ ಇಂದಿಗೂ ರಿಜಿಸ್ಟರಿನ ಮುಂದೆ ಕುಳಿತಿರುತ್ತಾರೆ.

ಈಗ ಎಲ್ಲವೂ ಕಂಪ್ಯೂಟರಿಗೆ ಬಂದಿದೆ, ಈ ಹುದ್ದೆ ಏಕೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ವೈದ್ಯರೇ ಆದೇಶವನ್ನು ನೇರವಾಗಿ ದಾಖಲಿಸಿದರೆ ನಕಲು ಮಾಡುವ ಕೆಲಸ ತಪ್ಪುತ್ತದೆ, ನಕಲಿನಲ್ಲಿ ನುಸುಳುವ ದೋಷವೂ ಕಡಿಮೆಯಾಗುತ್ತದೆ. ಆದರೆ ಯಂತ್ರ ತನಗೆ ಊಡಿದ್ದನ್ನು ಮಾತ್ರ ಬಲ್ಲದು. ರೋಗಿಯನ್ನು ಗುರುತಿಸಲು ಕನಿಷ್ಠ ಎರಡು ಗುರುತುಗಳನ್ನು ನೋಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸೂಚಿಸಿತು. ಒಂದೇ ವಾರ್ಡಿನಲ್ಲಿ ಇಬ್ಬರು ಬಸವರಾಜರು ಮಲಗಿದ್ದಾಗ, ಅಪ್ಪನ ಹೆಸರೇನು, ಹುಟ್ಟಿದ ವರ್ಷ ಯಾವುದು ಎಂದು ಕೇಳಿ ತಿಳಿಯಲು ರೋಗಿಯ ಭಾಷೆ ಬಲ್ಲವರು ಬೇಕು. 2011ರ ಜನಗಣತಿಯಂತೆ ಗೋವೆಯಲ್ಲಿ ಕನ್ನಡ ಮಾತೃಭಾಷೆಯವರು 65 ಸಾವಿರಕ್ಕೂ ಹೆಚ್ಚು. ಹಾಗೆಂದು ಕೊಂಕಣಿ, ಮರಾಠಿ ಬಲ್ಲ ಸ್ಥಳೀಯರ ಅವಕಾಶ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಗಡಿಭಾಗದಲ್ಲಿ ಮೂರು ನುಡಿ ಬಲ್ಲ ಗೋವೆಯ ಮಕ್ಕಳಿಗೇನೂ ಬರವಿಲ್ಲ; ಆ ತಿಳಿವಿಗೆ ನೇಮಕಾತಿಯಲ್ಲಿ ಒಂದಿಷ್ಟು ಬೆಲೆ ಸಿಗಲಿ ಎಂದಷ್ಟೇ ಕೇಳುವುದು.

ಈ ಹುದ್ದೆಗೆ ಕೊಡುವ ಹಣದಲ್ಲಿ ಇನ್ನೊಬ್ಬ ನರ್ಸನ್ನೇ ನೇಮಿಸಬಹುದಲ್ಲ ಎನ್ನುವವರೂ ಇದ್ದಾರೆ. ನರ್ಸ್ ಹುದ್ದೆಗಳು ಹೆಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರವಣಿಗೆಯ ಹೊರೆ ಹಾಗೆಯೇ ಉಳಿದರೆ ಹೊಸದಾಗಿ ಬಂದವರ ದಿನದ ಒಂದು ಪಾಲೂ ಅದಕ್ಕೇ ಹೋಗುತ್ತದೆ. ಅದಕ್ಕಿಂತ ವೈದ್ಯಕೀಯ ಪದಗಳು, ಗೋಪ್ಯತೆಯ ನಿಯಮ, ಸರ್ಕಾರಿ ಯೋಜನೆಗಳ ಅರ್ಹತೆ ಇವುಗಳಲ್ಲಿ ತರಬೇತಿ ಪಡೆದ ಒಬ್ಬರನ್ನು ಪ್ರತಿ ದೊಡ್ಡ ವಾರ್ಡಿಗೆ, ರಾತ್ರಿ ಪಾಳಿಗೂ ಸೇರಿಸಿ, ಕಾಯಂ ಆಗಿ ನೇಮಿಸುವುದು ಮೇಲು. ಗುತ್ತಿಗೆಯಲ್ಲಿ ತಂದು ವರ್ಷಕ್ಕೊಮ್ಮೆ ಬದಲಿಸಿದರೆ ವಾರ್ಡನ್ನು ಅರಿತವರು ಉಳಿಯುವುದಿಲ್ಲ. ಕುಂಕಳ್ಳಿಯಿಂದ ಬರುವ ಕಾರ್ಮಿಕನಿಗೆ ಐದು ವರ್ಷದ ವಾಸಕ್ಕೆ ಯಾವ ದಾಖಲೆ ತರಬೇಕೆಂದು ದಾಖಲಾದ ದಿನವೇ ಹೇಳಬಲ್ಲವರು ಅಂಥವರು. ಬಿಲ್ ಕೈಗೆ ಬಂದ ಮೇಲೆ ತಿಳಿದರೆ ಅವನು ಅಷ್ಟರಲ್ಲಿ ಸಾಲ ಮಾಡಿರುತ್ತಾನೆ.