ಆಡಿದ್ದು ದುಡ್ಡಿಗೋ, ಗುರಾಣಿಗೋ?

ಐದು ಸಾವಿರ ರೂಪಾಯಿ ಐದು ಜನ ಗೆಳೆಯರನ್ನು ಒಡೆದುಹಾಕಬಲ್ಲದು ಅಂತ ನನಗೆ ಗೊತ್ತಾದದ್ದು 2015ರಲ್ಲಿ, ತುಮಕೂರಿನ ಒಂದು ಸೈಬರ್ ಸೆಂಟರಿನಲ್ಲಿ!

ಆಗ ನಾನು ಪಿಯುಸಿ ಹುಡುಗ. ಕಾಲೇಜಿನಲ್ಲಿ ಹಾಜರಿ ಕಮ್ಮಿ, ಸೈಬರಿನಲ್ಲಿ ಫುಲ್ ಹಾಜರಿ. ಐದು ಜನ ಸೇರಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಗಂಟೆಗೆ 20 ರೂಪಾಯಿ. ಒಬ್ಬನ ಜೇಬು ಖಾಲಿಯಾದರೆ ಇನ್ನೊಬ್ಬ ಕೊಡುತ್ತಿದ್ದ, ಲೆಕ್ಕ ಯಾರೂ ಇಡುತ್ತಿರಲಿಲ್ಲ. ಒಂದು ಭಾನುವಾರ ಪಂದ್ಯ ಇಟ್ಟರು. ಮೊದಲ ಬಹುಮಾನ 5,000. ಗೆದ್ದೇಬಿಟ್ಟೆವು!

ಸಂಜೆಗೇ ಜಗಳ. "ಎಂಟ್ರಿ ಫೀಸು ಕಟ್ಟಿದ್ದು ನಾನು" ಅಂದ ಒಬ್ಬ. "ಜಾಸ್ತಿ ಹೊಡೆದದ್ದು ನಾನು" ಅಂದ ಇನ್ನೊಬ್ಬ. ಕೊನೆಗೆ ನನ್ನ ಪಾಲಿಗೆ ಬಂದದ್ದು 900. ಅದನ್ನು ಅಮ್ಮನ ಕೈಗಿಟ್ಟೆ. ಅದುವರೆಗೆ "ಹಾಳಾಗಿ ಹೋಗ್ತೀಯ" ಅನ್ನುತ್ತಿದ್ದ ಅಪ್ಪ ನೋಟುಗಳನ್ನು ನೋಡಿ, "ನಾಳೇನೂ ಹೋಗ್ತೀಯೇನೋ?" ಅಂದರು. ಬೈಯದೆ ಕೇಳಿದ್ದು ಅದೇ ಮೊದಲು. ಆದರೆ ಹೋಗೋಕೆ ತಂಡವೇ ಉಳಿದಿರಲಿಲ್ಲ! ಪಿಯುಸಿಯೂ ಅಲ್ಲಿಗೇ ನಿಂತಿತು.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇದೆ. ತಂಡ ಕಟ್ಟಿ ಆಡುವವರಿಗೆ ಬಹುಮಾನದ ದುಡ್ಡು ಹುರುಪು ಕೊಡುತ್ತದೋ, ಇದ್ದ ಹುರುಪನ್ನೂ ಕೆಡಿಸುತ್ತದೋ? ಉತ್ತರ ಹುಡುಕಲು ನಾನು ಹೋದದ್ದು ಸಿನಿಮಾ ಹತ್ತಿರ. ನಮ್ಮಂಥವರು ಇನ್ನೆಲ್ಲಿಗೆ ಹೋಗಬೇಕು ಹೇಳಿ!

ಮೂವರು ಹೀರೋಗಳ ಚಿತ್ರ

ಚಿತ್ರದ ಹೆಸರು 'ಫ್ರೀ ಟು ಪ್ಲೇ'. 2014ರ ಸಾಕ್ಷ್ಯಚಿತ್ರ. 'ಡೋಟಾ 2' ಎಂಬ ಕಂಪ್ಯೂಟರ್ ಆಟ ಮಾಡಿದ ವಾಲ್ವ್ ಕಂಪನಿಯೇ ತೆಗೆದದ್ದು. ಹಾಗಾಗಿ ಕೊಂಚ ಜಾಹೀರಾತಿನ ವಾಸನೆ ಇದ್ದೇ ಇದೆ. ಇರಲಿ, ಕತೆ ಮಾತ್ರ ಅಪ್ಪಟ.

2011ರ ಆಗಸ್ಟ್. ಜರ್ಮನಿಯ ಕೊಲೋನ್ ನಗರ. 'ದಿ ಇಂಟರ್‌ನ್ಯಾಷನಲ್' ಪಂದ್ಯಾವಳಿಯ ಮೊದಲ ವರ್ಷ. ಹದಿನಾರು ತಂಡ, ತಂಡಕ್ಕೆ ಐವರು. ಗೆದ್ದ ತಂಡಕ್ಕೆ 10 ಲಕ್ಷ ಡಾಲರ್! ಇದು ಮೋಸ ಇರಬೇಕು ಅಂತಲೇ ಹಲವು ಆಟಗಾರರು ಅಂದುಕೊಂಡಿದ್ದರಂತೆ.

ಚಿತ್ರದಲ್ಲಿ ಮೂವರು ಹೀರೋಗಳು. ಉಕ್ರೇನಿನ ಡೆಂಡಿ, ತಂದೆಯನ್ನು ಕ್ಯಾನ್ಸರಿಗೆ ಕಳೆದುಕೊಂಡು ಆಟದಲ್ಲಿ ಮುಖ ಮರೆಸಿಕೊಂಡ ಹುಡುಗ. ಸಿಂಗಪುರದ ಬೆನೆಡಿಕ್ಟ್ ಲಿಮ್, ಪರೀಕ್ಷೆ ಬಿಟ್ಟು, ಮನೆಯವರನ್ನು ಎದುರು ಹಾಕಿಕೊಂಡು ಬಂದವನು. ಗೆದ್ದರೆ ಕೈತಪ್ಪಿದ ಹುಡುಗಿ ಮತ್ತೆ ತನ್ನ ಕಡೆ ನೋಡಿಯಾಳು ಅನ್ನುವ ಆಸೆ ಬೇರೆ! ಮೂರನೆಯವನು ಅಮೆರಿಕದ ಕ್ಲಿಂಟನ್ ಲೂಮಿಸ್, ಆಟದ ಹೆಸರು ಫಿಯರ್. ಯುರೋಪಿನ ಜೊತೆಗಾರರ ಗಡಿಯಾರಕ್ಕೆ ಸರಿಯಾಗಿ ಹಗಲು ರಾತ್ರಿ ಅದಲು ಬದಲು ಮಾಡಿಕೊಂಡು ಆಡಿದವನು.

ಗಮನಿಸಿ ಸ್ವಾಮಿ, ಮೂವರಲ್ಲಿ ಒಬ್ಬನೂ ದುಡ್ಡಿಗಾಗಿ ಆಟ ಶುರು ಮಾಡಿದವನಲ್ಲ. 10 ಲಕ್ಷದ ಸುದ್ದಿ ಬರುವ ಎಷ್ಟೋ ಮೊದಲೇ ಅವರು ಆಡುತ್ತಿದ್ದರು. ಆದರೆ ದುಡ್ಡು ಏನನ್ನೂ ಮಾಡಲಿಲ್ಲ ಅನ್ನುವ ಹಾಗೂ ಇಲ್ಲ. ನಮ್ಮಪ್ಪನ ಬಾಯಿಂದ ಆ ಮಾತು ಹೊರಡಿಸಿದ್ದು 900 ರೂಪಾಯಿ. ಮನೆಯವರು ಒಪ್ಪಿದರೆ ತಾನೇ ಹುಡುಗ ಹಗಲು ಹೊತ್ತಿನಲ್ಲಿ ತಲೆಯೆತ್ತಿ ಆಡಲು ಹೋಗುವುದು? ಇಲ್ಲದವರ ಮನೆಯಲ್ಲಿ ಬಹುಮಾನ ಅಂದರೆ ಮೊದಲು ಅನುಮತಿ. ಆಮೇಲೆ ಐಶ್ವರ್ಯ.

ಕೊಲೋನಿನಲ್ಲಿ ಡೆಂಡಿಯ ತಂಡ ಗೆದ್ದಿತು. ಲಿಮ್ ತಂಡಕ್ಕೆ ಮೂರನೇ ಸ್ಥಾನ. ಲೂಮಿಸ್ ನಡುವೆಯೇ ಹೊರಬಿದ್ದ. 2014ರಲ್ಲಿ ಕೈನೋವಿನಿಂದ ಆಡಲಾಗದೆ ಕೋಚ್ ಆಗಿ ಕೂತ. 2015ರಲ್ಲಿ ಸಿಯಾಟಲ್‌ನಲ್ಲಿ ಗುರಾಣಿ ಎತ್ತಿಯೇ ಎತ್ತಿದ! ಆಗ ಪಕ್ಕದಲ್ಲಿದ್ದವನು ಹದಿನಾರರ ಸುಮೈಲ್ ಹಸನ್. ಕರಾಚಿಯಲ್ಲಿದ್ದಾಗ ಸೈಬರಿನ ಕಾಸಿಗಾಗಿ ತನ್ನ ಸೈಕಲ್ಲನ್ನೇ ಮಾರಿದ್ದ ಹುಡುಗ. ತಂಡಕ್ಕೆ ಬಂದದ್ದು 66 ಲಕ್ಷ ಡಾಲರ್. ಸೈಕಲ್ ಮಾರುವಾಗ ಅವನಿಗೆ ಈ ಲೆಕ್ಕ ಗೊತ್ತಿತ್ತೇ?

ಬಿಟ್ಟು ಹೋದವರು, ಉಳಿದವರು

ಇನ್ನೊಂದು ಚಿತ್ರ 2019ರ 'ಅಗೇನ್ಸ್ಟ್ ದಿ ಆಡ್ಸ್'. ಇದು ಓಜಿ ತಂಡದ ಕತೆ. ನಾಯಕ ಡೆನ್ಮಾರ್ಕಿನ ನೋಟೇಲ್. 2018ರಲ್ಲಿ ದೊಡ್ಡ ಪಂದ್ಯಕ್ಕೆ ಮೂರೇ ತಿಂಗಳು ಉಳಿದಿದ್ದಾಗ ಆತನ ಎಷ್ಟೋ ವರ್ಷದ ಗೆಳೆಯ ಫ್ಲೈ, ಇನ್ನೊಬ್ಬನ ಜೊತೆ ಸೇರಿ ಎದುರಾಳಿ ತಂಡಕ್ಕೆ ಹಾರಿಹೋದ. ನಮ್ಮ ಸಿನಿಮಾದಲ್ಲಾದರೆ ಇಲ್ಲಿಗೆ ಇಂಟರ್‌ವಲ್!

ಉಳಿದವರು ಏನು ಮಾಡಿದರು? ಕೋಚ್ ಸೆಬ್ ತಾನೇ ಆಟಕ್ಕಿಳಿದ. ಬಿಡುವಿನಲ್ಲಿದ್ದ ಆನಾ ವಾಪಸು ಬಂದ. ದೊಡ್ಡ ವೇದಿಕೆಯನ್ನೇ ಹತ್ತಿರದ ಫಿನ್ಲೆಂಡಿನ ಟಾಪ್ಸನ್ ಸೇರಿಕೊಂಡ. ಯಾರು ಬೇಕಾದರೂ ಬರಬಹುದಾದ ಅರ್ಹತಾ ಸುತ್ತಿನಿಂದ ಆಡುತ್ತ ಬಂದು, ದಾರಿಯಲ್ಲಿ ಫ್ಲೈ ತಂಡವನ್ನೂ ಸೋಲಿಸಿ, ವ್ಯಾಂಕೂವರ್‌ನಲ್ಲಿ ಗೆದ್ದರು. 1 ಕೋಟಿ 12 ಲಕ್ಷ ಡಾಲರ್. ಮರುವರ್ಷ ಶಾಂಘೈನಲ್ಲಿ ಅದೇ ಐವರು ಮತ್ತೆ ಗೆದ್ದರು. ಈ ಸಲ 1 ಕೋಟಿ 56 ಲಕ್ಷ!

ಆಮೇಲೆ? ಕೆಲವೇ ತಿಂಗಳಲ್ಲಿ, 2020ರ ಜನವರಿಯಲ್ಲಿ, ತಂಡದ ಜೆರಾಕ್ಸ್ ಆಟವನ್ನೇ ಬಿಟ್ಟ. ಆನಾ ಮತ್ತೆ ಬಿಡುವಿಗೆ ಹೋದ. ಅಷ್ಟು ದುಡ್ಡು ಬಂದ ಮೇಲೂ ಐವರು ಒಟ್ಟಿಗೆ ಉಳಿಯಲಿಲ್ಲ. ಹಾಗೆ ನೋಡಿದರೆ ಕೈಯಲ್ಲಿ ಏನೂ ಇಲ್ಲದ 2018ರ ಬೇಸಿಗೆಯಲ್ಲೇ ಅವರು ಗಟ್ಟಿಯಾಗಿ ಅಂಟಿಕೊಂಡಿದ್ದರು.

ಒಂದೇ ತಂಡ, ಎರಡು ಬೆಲೆ

ಇಷ್ಟು ದುಡ್ಡು ಎಲ್ಲಿಂದ ಬರುತ್ತಿತ್ತು ಅಂತೀರಾ? ನಮ್ಮಂಥ ಅಭಿಮಾನಿಗಳ ಜೇಬಿನಿಂದ! ಅಭಿಮಾನಿಗಳು ಆಟದೊಳಗಿನ 'ಬ್ಯಾಟಲ್ ಪಾಸ್' ಕೊಂಡರೆ ಅದರಲ್ಲಿ ಕಾಲು ಭಾಗ ಬಹುಮಾನಕ್ಕೆ ಸೇರುತ್ತಿತ್ತು. ಹೀಗೆ 2021ರ ಒಟ್ಟು ಬಹುಮಾನ 4 ಕೋಟಿ ಡಾಲರ್ ಮುಟ್ಟಿತು. ಬುಕಾರೆಸ್ಟ್‌ನಲ್ಲಿ ಗೆದ್ದ ಟೀಮ್ ಸ್ಪಿರಿಟ್‌ಗೆ 1 ಕೋಟಿ 82 ಲಕ್ಷ ಸಿಕ್ಕಿತು. 2023ರಲ್ಲಿ ಕಂಪನಿ ಆ ಬ್ಯಾಟಲ್ ಪಾಸನ್ನು ಕೈಬಿಟ್ಟಿತು. ಒಟ್ಟು ಬಹುಮಾನ ಸುಮಾರು 31 ಲಕ್ಷಕ್ಕೆ ಕುಸಿಯಿತು!

ಆ ವರ್ಷ ಸಿಯಾಟಲ್‌ನಲ್ಲಿ ಗೆದ್ದವರು ಯಾರು? ಅದೇ ಟೀಮ್ ಸ್ಪಿರಿಟ್. ಐವರಲ್ಲಿ ನಾಲ್ವರು 2021ರವರೇ. ಈ ಸಲ ಸಿಕ್ಕಿದ್ದು ಸುಮಾರು 14 ಲಕ್ಷ. ಫೈನಲ್ಲಿನಲ್ಲಿ ಎದುರಾಳಿಗೆ ಒಂದೇ ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ಜುಲೈನಲ್ಲಿ ರಿಯಾದ್‌ನಲ್ಲಿ ಅವರೇ 50 ಲಕ್ಷ ಡಾಲರ್ ಗೆದ್ದಿದ್ದರು. ಆದರೂ ಸಿಯಾಟಲ್‌ನ 'ಏಜಿಸ್' ಗುರಾಣಿಗೆ ಜೀವ ಬಿಟ್ಟು ಆಡಿದರು. ಗೆದ್ದವರ ಹೆಸರು ಕೆತ್ತುವುದು ಅದರ ಮೇಲೆ ತಾನೇ!

"ಅವರು ಆಗಲೇ ಸಾಹುಕಾರರು, ಅದಕ್ಕೇ ಗುರಾಣಿಯ ಮಾತು" ಅಂತ ನೀವು ಅನ್ನಬಹುದು. ಒಪ್ಪಿದೆ. ಹೊಟ್ಟೆ ತುಂಬಿದವನಿಗೆ ಹೆಸರು, ಹಸಿದವನಿಗೆ ಅನ್ನ. ಆದರೆ ಹಸಿದವನನ್ನೂ ಐದು ವರ್ಷ ಆಟದಲ್ಲಿ ಹಿಡಿದಿಡುವುದು ಒಂದು ದಿನದ ಬಹುಮಾನವಲ್ಲ. ತಿಂಗಳ ಸಂಬಳ ಬೇಕು, ಪಕ್ಕದ ಕುರ್ಚಿಯಲ್ಲಿ ಕೂತವನ ಮೇಲೆ ನಂಬಿಕೆಯೂ ಬೇಕು. ಬಹುಮಾನ ಬಾಗಿಲು ತೆಗೆಯುತ್ತದೆ. ಒಳಗೆ ಬಂದವರನ್ನು ಕೂರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಇದು ನನ್ನ ತೀರ್ಮಾನ.

ಪಂದ್ಯಕ್ಕೆ ಹೊರಟಿರುವ ತಮ್ಮಂದಿರಿಗೆ ಒಂದೇ ಕಿವಿಮಾತು. ಯಾರಿಗೆ ಎಷ್ಟು ಪಾಲು ಅಂತ ಆಡುವ ಮೊದಲೇ ಬರೆದಿಡಿ. ಗೆದ್ದ ಮೇಲೆ ಲೆಕ್ಕಕ್ಕೆ ಕೂತರೆ ನಮ್ಮ ಗತಿಯೇ!

ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಆ ಎಂಟ್ರಿ ಫೀಸಿನ ಗೆಳೆಯ ಸಿಕ್ಕಿದ. ಇಬ್ಬರಿಗೂ ಮಾತು ಹೊರಡಲಿಲ್ಲ. ಆಮೇಲೆ ಅವನೇ, "ಟೀ ಕುಡಿಯೋಣ ಬಾರೋ" ಅಂದ. ಎರಡು ಟೀಗೂ ಅವನೇ ಕಾಸು ಕೊಟ್ಟ. ನಾನು ಜೇಬಿಗೆ ಕೈ ಹಾಕಿದರೆ, "ಬಿಡೋ, ಮುಂದಿನ ಸಲ ನೀನು ಕೊಡುವೆಯಂತೆ" ಅಂದ.