ನಡ ಹಿಡಿದವರ ಊರಲ್ಲಿ ಔಷಧ ಹೇಳದವರಿಲ್ಲ

ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವ ಕೆಂಪು ಬಸ್ಸು ಅಂಕಲಗಿಯಲ್ಲಿ ನಿಂತರೆ, ಇಳಿಯುವವರ ನಡಿಗೆ ನೋಡಿಯೇ ಕಟ್ಟೆಯ ಮೇಲೆ ಕೂತ ಹಿರಿಯರು ರೋಗ ಹೇಳಿಬಿಡುತ್ತಾರೆ. ಬಾಗಿಲ ಸರಳು ಹಿಡಿದು, ಒಂದು ಕಾಲು ಊರಿ, ಇನ್ನೊಂದನ್ನು ಇಳಿಸಲೋ ಬೇಡವೋ ಎಂದು ಹಲ್ಲು ಕಚ್ಚಿ ನಿಂತವನು ಕಣ್ಣಿಗೆ ಬಿದ್ದರೆ ಸಾಕು.

"ಯಾಕೋ ತಮ್ಮಾ, ನಡ ಹಿಡದೈತೇನ?"

ಅವನು ಹೂಂ ಅನ್ನುವುದರೊಳಗೆ ಮದ್ದುಗಳು ಸಾಲುಗಟ್ಟುತ್ತವೆ. "ಔಡಲೆಣ್ಣಿ ಹಚ್ಚಿ ಎಕ್ಕಿ ಎಲಿ ಕಟ್ಟು." "ಕಾಲ ಮುಂದಾಗಿ ಹುಟ್ಟಿದವರ ಕಡೆ ಒಮ್ಮೆ ಒದಿಸ್ಕೊ." "ಅದೆಲ್ಲಾ ಬಿಡಪಾ, ಒಂದ ಸೂಜಿ ಮಾಡಸ್ಕೊ, ಮುಂಜಾನಿ ಎದ್ದ ಕಬ್ಬಿಗೆ ಹೋಗ್ತಿ." ನಾಲ್ಕನೆಯವರು ಬೆಳಗಾವಿಯ ಸ್ಕ್ಯಾನಿನ ಮಾತು ತೆಗೆಯುತ್ತಾರೆ. ಯಾರೂ ಕಾಸು ಕೇಳುವುದಿಲ್ಲ. ತನ್ನ ಮದ್ದೇ ಗೆಲ್ಲಬೇಕೆಂಬ ಹಟ ಮಾತ್ರ ಎಲ್ಲರಿಗೂ ಇದೆ.

ನೋವು ಎಲ್ಲಿಂದ ಬಂತೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಊರು ದಾಟಿದರೆ ಕಬ್ಬು. ಚಳಿಗಾಲದ ಸುಗ್ಗಿಯಲ್ಲಿ ಗ್ಯಾಂಗುಗಳು ನಸುಕಿನಲ್ಲೇ ಹೊಲಕ್ಕಿಳಿಯುತ್ತವೆ. ಕಬ್ಬಿನ ಬುಡದ ಗಣಿಕೆಯಲ್ಲೇ ಸಕ್ಕರೆ ಹೆಚ್ಚು. ಹಾಗಾಗಿ ಕೋಯ್ತಾ ನೆಲಕ್ಕೆ ತಾಗಿಯೇ ಬೀಸಬೇಕು. ಬಗ್ಗಿ ಕಡಿಯುವುದು, ರವದಿ ಸುಲಿಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರೇಲರಿಗೆ ಒಗೆಯುವುದು. ಕೂಲಿ ಟನ್ನಿನ ಲೆಕ್ಕ, ಮುಂಗಡ ಮೊದಲೇ ತಿಂದಾಗಿದೆ. ಹೆಂಗಸರಿಗೆ ಇದರ ಮೇಲೆ ನೀರಿನ ಕೊಡ, ದನದ ಮೇವು, ರೊಟ್ಟಿ ಬಡಿಯುವ ಕೆಲಸ. ಹೊತ್ತು ಮುಳುಗಿ ಮನೆಗೆ ಬಂದ ಮೇಲೆ ನಡ ತನ್ನ ಬಾಕಿ ಕೇಳತೊಡಗುತ್ತದೆ.

ಆಗ ಅಡುಗೆಮನೆಯೇ ದವಾಖಾನೆ. ಒಲೆಯ ಮೇಲೆ ಬಾಣಲೆ; ಅದರಲ್ಲಿ ಹರಳುಪ್ಪು ಚಟಪಟ ಅನ್ನುತ್ತಿದೆ. ಹುರಿದ ಉಪ್ಪನ್ನು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಅವ್ವ ಮಗನ ಬೆನ್ನಿಗೆ ಒತ್ತುತ್ತಾಳೆ. ಪಕ್ಕದ ಮನೆಯಲ್ಲಿ ಬಳ್ಳೊಳ್ಳಿ ಎಸಳು ಹಾಕಿ ಕಾಸಿದ ಎಣ್ಣೆಯ ಘಾಟು. ಇನ್ನೊಂದು ಮನೆಯ ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿದೆ. ಆ ನೀರನ್ನು ತಂಬಿಗೆ ತಂಬಿಗೆ ನಡದ ಮೇಲೆ ಸುರಿದುಕೊಳ್ಳುತ್ತಾರೆ. ಉಪ್ಪಾಗಲಿ ಸೊಪ್ಪಾಗಲಿ, ಇವೆಲ್ಲವುಗಳಲ್ಲೂ ದುಡಿಯುವುದು ಮುಖ್ಯವಾಗಿ ಕಾವು. ಹೊಸದಾಗಿ ಹಿಡಿದ ನಡಕ್ಕೆ ಕಾವು ಕೊಟ್ಟರೆ ಕೆಲವು ದಿನ ನೋವು ಸ್ವಲ್ಪ ಇಳಿಯುತ್ತದೆಂದು ವೈದ್ಯರ ಪರೀಕ್ಷೆಗಳೂ ಒಪ್ಪಿವೆ. ಬಿಗಿದ ಸ್ನಾಯು ಸಡಿಲವಾಗುತ್ತದೆ, ರಾತ್ರಿ ಒಂದಿಷ್ಟು ನಿದ್ದೆ ಹತ್ತುತ್ತದೆ. ಕಾಸಿದ ಎಕ್ಕೆ ಎಲೆಯದೂ ಅದೇ ಕೆಲಸ. ಆದರೆ ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳಬಹುದು, ಕಣ್ಣಿಗೆ ಸಿಡಿದರೆ ಕಣ್ಣೇ ಕೆಡಬಹುದು. ಕಬ್ಬಿಣ ಕಾಸಿ ಬರೆ ಹಾಕುವ ಹಳೆಯ ಪದ್ಧತಿಯಂತೂ ನಡದ ನೋವು ತೆಗೆಯುವುದಿಲ್ಲ, ಅದರ ಮೇಲೊಂದು ಗಾಯ ಕೂಡಿಸುತ್ತದೆ.

ಒದೆಯ ಚಿಕಿತ್ಸೆ ನೋಡಲು ಮಂದಿ ಸೇರುತ್ತಾರೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರ ಕಾಲಿಗೆ ಚಳಕು ತೆಗೆಯುವ ಗುಣವಿದೆಯೆಂಬ ನಂಬಿಕೆ ಇಲ್ಲಿಯದಷ್ಟೇ ಅಲ್ಲ, ಗಡಿಯಾಚೆಯ ಮರಾಠಿ ಹಳ್ಳಿಗಳದ್ದೂ ಹೌದು. ಅಂಗಳದಲ್ಲಿ ಬೋರಲು ಮಲಗಿದ ದೊಡ್ಡ ಗಂಡಸಿನ ಬೆನ್ನಿಗೆ ಶಾಲೆ ಕಲಿಯುವ ಹುಡುಗಿ ನಾಚುತ್ತ ಪಾದ ಮುಟ್ಟಿಸುತ್ತಾಳೆ. ಸುತ್ತಲಿನವರು ನಗುತ್ತಾರೆ, ಮಲಗಿದವನೂ ನಗುತ್ತಾನೆ. ಹೆದರಿಕೆ ಬಿಟ್ಟ ಮೈ ಎದ್ದು ನಾಲ್ಕು ಹೆಜ್ಜೆ ಹಾಕುತ್ತದೆ. ಹಾಗೆ ಹಿಡಿದ ನಡ ಬಹುಪಾಲು ತಾನಾಗಿಯೇ ಕೆಲ ವಾರಗಳಲ್ಲಿ ಬಿಡುವಂಥದು. ಕೀರ್ತಿ ಮಾತ್ರ ಕೊನೆಗೆ ಮುಟ್ಟಿದ ಪಾದಕ್ಕೆ. ಗರಡಿಯಲ್ಲಿ ಪಳಗಿದವರು ಎಣ್ಣೆ ಹಚ್ಚಿ ತಿಕ್ಕುವುದರಿಂದಲೂ ಆರಾಮ ಸಿಗುತ್ತದೆ. ಆದರೆ ಬಿದ್ದು ಪೆಟ್ಟಾದ ಬೆನ್ನನ್ನು, ಮೂಳೆ ಸವೆದ ಮುದುಕಿಯ ಬೆನ್ನನ್ನು ಲಟಕ್ಕನೆ ತಿರುವಿದರೆ ಹಿಡಿದದ್ದು ಹೋಗಿ ಮುರಿದದ್ದು ಉಳಿಯುತ್ತದೆ.

ಗೋಕಾಕ ಸೀಮೆಯ ನಡದ ಮದ್ದುಗಳಲ್ಲಿ ಎಲ್ಲಕ್ಕಿಂತ ರುಚಿಯಾದದ್ದು ಡಬ್ಬಿಯಲ್ಲಿ ದೂರದೂರಿಗೂ ಹೋಗುತ್ತದೆ. ಕರದಂಟು ಅಂಗಡಿಗೆ ಬರುವ ಮೊದಲು ಅದರ ಅಂಟು ಬಾಣಂತಿಯ ಕೋಣೆಯದಾಗಿತ್ತು. ತುಪ್ಪದಲ್ಲಿ ಕರಿದು ಅರಳಿಸಿದ ಅಂಟು, ಬೆಲ್ಲ, ಉತ್ತತ್ತಿ, ಒಣಕೊಬ್ಬರಿ. ಜೊತೆಗೆ ಅಳವಿಯ ಪಾಯಸ. "ಅಂಟು ತಿಂದರ ನಡ ಗಟ್ಟಿ" ಎಂದು ಹಿರಿಯಳು ಉಂಡೆ ಕೈಗಿಡುತ್ತಾಳೆ. ಹೆತ್ತು ಬಳಲಿದ ಮೈಗೆ ಒಳ್ಳೆಯ ಕಸುವೇನೋ ಹೌದು. ಆದರೆ ಆ ಕೋಣೆಯಲ್ಲಿ ಇನ್ನೇನಿದೆ ನೋಡಿ: ದಿನಾ ಎಣ್ಣೆ ತಿಕ್ಕಿ ಎರೆಯುವ ಕೈ, ಮಂಚದ ಕೆಳಗೆ ಅಗ್ಗಿಷ್ಟಿಕೆಯ ಕೆಂಡ, ಮತ್ತು ಕೊಡ ಎತ್ತು ಅನ್ನದ ಕೆಲವು ವಾರಗಳು. ಇಲ್ಲಿಯ ಹೆಣ್ಣಿನ ಬೆನ್ನಿಗೆ ಸಿಗುವ ಬಿಡುವು ಬಹುತೇಕ ಅದೊಂದೇ. ನಡ ಚೇತರಿಸಿಕೊಂಡದ್ದರ ಪೂರ್ತಿ ಪುಣ್ಯವನ್ನು ಅಂಟಿಗೇ ಕೊಡುವುದು ಹೇಗೆ?

ಹಾಗೆ ನೋಡಿದರೆ ಮನೆಮದ್ದುಗಳೆಲ್ಲದರ ಒಳಗುಟ್ಟು ಇದೇ ಇರಬೇಕು. ಬೆನ್ನಿಗೆ ಎಲೆ ಕಟ್ಟಿಕೊಂಡವನನ್ನು ಯಾರೂ ಹೊರೆ ಹೊರು ಎನ್ನುವುದಿಲ್ಲ. ಎಲೆ ಒಣಗುವ ತನಕ ಅವನಿಗೆ ರಜೆ.

ಸೂಜಿಯ ರೀತಿ ಬೇರೆ. ಅದು ರಜೆ ಕೊಡುವುದಿಲ್ಲ, ಅವತ್ತೇ ಹೊಲಕ್ಕೆ ಕಳಿಸುತ್ತದೆ. ಅದಕ್ಕೇ ಅದರ ಮೇಲೆ ಇಷ್ಟು ಪ್ರೀತಿ. ಮೆಡಿಕಲ್ ಅಂಗಡಿಯ ಮುಂದೆ ಚೀಟಿ ಇಲ್ಲದೆ ನಿಂತು "ನಡದ ಗುಳಿಗಿ ಕೊಡ್ರಿ" ಎನ್ನುವವರಿಗೆ ಕೊರತೆಯಿಲ್ಲ. ಉರಿಯೂತ ಇಳಿಸುವ ಗುಳಿಗೆ ಕೆಲ ದಿನದ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ನಿರಪಾಯ ಎಂದು ತಿಳಿದ ಪ್ಯಾರಾಸಿಟಮಾಲನ್ನು ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ಜನರ ಹೊಸ ಬೆನ್ನುನೋವಿಗೆ ಕೊಟ್ಟು ನೋಡಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು: ಗುಳಿಗೆ ತಿಂದವರು ಚೇತರಿಸಿಕೊಳ್ಳಲು ಸುಮಾರು 17 ದಿನ, ಬರೀ ಹುಸಿಗುಳಿಗೆ ತಿಂದವರು 16 ದಿನ! ಲೇಬಲ್ ಇಲ್ಲದ ಪುಡಿಯ ಪೊಟ್ಟಣ ಇನ್ನೂ ಅಪಾಯದ್ದು. "ಗಿಡಮೂಲಿಕಿ ಐತಿ, ಏನೂ ಆಗೂದಿಲ್ಲ" ಎಂದು ಕೊಟ್ಟ ಪುಡಿ ಒಂದೇ ದಿನದಲ್ಲಿ ಕುಣಿಸಿದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು.

ಇದರಿಂದ ಬೇಸತ್ತವರು ಬೆಳಗಾವಿಯ ಬಸ್ಸು ಹತ್ತುತ್ತಾರೆ. ಕೆಲವರು 1933ರಲ್ಲಿ ಆರಂಭವಾದ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯಕ್ಕೆ ಹೋಗುತ್ತಾರೆ. ಕಟಿಬಸ್ತಿ ಆಯುರ್ವೇದದ ಪರಿಚಿತ ಉಪಚಾರ: ನಡದ ಮೇಲೆ ಉದ್ದಿನ ಹಿಟ್ಟಿನ ದುಂಡು ಕಟ್ಟೆ ಕಟ್ಟಿ, ಅದರೊಳಗೆ ಬಿಸಿ ತೈಲ ತುಂಬಿಸಿ, ಆರಿದಂತೆ ಬದಲಿಸುತ್ತಾರೆ. ಅವ್ವನ ಉಪ್ಪಿನ ಗಂಟಿಗೆ ಇದು ದೂರದ ನೆಂಟನಲ್ಲ. ಇನ್ನು ಕೆಲವರು ಸ್ಕ್ಯಾನಿನ ದೊಡ್ಡ ಲಕೋಟೆ ಹಿಡಿದು ಮರಳುತ್ತಾರೆ. "ಡಿಸ್ಕ್ ಸವದೈತಂತ" ಎಂದು ಮನೆಮಂದಿಯೆಲ್ಲ ಕಂಗಾಲು. ನೋವೇ ಇಲ್ಲದ ಇಪ್ಪತ್ತರ ಹರೆಯದವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ 37 ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದೆಂದು 2015ರ ಒಂದು ಸಮೀಕ್ಷೆ ತೋರಿಸಿತ್ತು. ಎಂಬತ್ತರವರಲ್ಲಿ ಅದು 96. ತಲೆಗೂದಲು ನರೆತ ಹಾಗೆ ಡಿಸ್ಕೂ ಹಣ್ಣಾಗುತ್ತದೆ.

ಯೋಗದ ನಂಟು ಈ ಜಿಲ್ಲೆಗೆ ಹಳೆಯದು. ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ್ದರ ಹಿಂದೆ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರ ಒತ್ತಾಸೆಯಿತ್ತು. ಬೆನ್ನುನೋವಿಗೆ ಯೋಗ ಒಳ್ಳೆಯದೆಂದು ಅಮೆರಿಕದ 2011ರ ಅಧ್ಯಯನವೊಂದು ಹೇಳಿತು. ಸಾದಾ ಮೈಚಾಚುವ ವ್ಯಾಯಾಮವೂ ಅಷ್ಟೇ ಒಳ್ಳೆಯದೆಂದೂ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಬೆನ್ನುನೋವಿಗೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮ, ತಿಕ್ಕುವಿಕೆ, ತಿಳಿವಳಿಕೆ ಹೇಳುವುದು ಸೇರಿವೆ. ಮೆಣಸಿನ ಖಾರದ ಲೇಪಕ್ಕೂ ಜಾಗ ಸಿಕ್ಕಿದೆ. ಮೆಡಿಕಲ್ಲಿನ ಗಾಜಿನೊಳಗೆ ತೂಗುವ ನಡದ ಬೆಲ್ಟಿಗೆ ಸಿಕ್ಕಿಲ್ಲ.

ಯಾವ ಎಲೆಗೂ ಎಣ್ಣೆಗೂ ಕಾಯದ ನೋವುಗಳೂ ಇವೆ. ಕಾಲು ಸೋತು ಎಳೆದಂತಾದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ದೊಡ್ಡ ದವಾಖಾನೆ. ಸಂಜೆಯ ಜ್ವರ, ಇಳಿಯುವ ತೂಕ, ರಾತ್ರಿ ಮಲಗಿದರೂ ಬಿಡದ ನೋವು ಬೆನ್ನುಮೂಳೆಯ ಕ್ಷಯವಿರಬಹುದು. ಕುರಿ-ದನ ಸಾಕಿ ಹಸಿಹಾಲು ಕುಡಿಯುವವರಿಗೆ ಜ್ವರದೊಡನೆ ನಡ ಹಿಡಿದರೆ ಬ್ರುಸೆಲ್ಲಾ ಸೋಂಕನ್ನೂ ನೋಡಬೇಕು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು ಮೂತ್ರಪಿಂಡದ ಹರಳಿನದಿರಬಹುದು.

ಉಳಿದ ಬಹುಪಾಲು ನಡಗಳಿಗೆ ಕಟ್ಟೆಯವರ ಸಲಹೆಯಲ್ಲಿ ಅರ್ಧ ಸರಿ: ಕಾವು ಕೊಡಿ, ಹದವಾಗಿ ತಿಕ್ಕಿಸಿಕೊಳ್ಳಿ. ಇನ್ನರ್ಧವನ್ನು ಕಟ್ಟೆ ಹೇಳುವುದಿಲ್ಲ. ಹಾಸಿಗೆ ಹಿಡಿಯಬೇಡಿ, ಓಣಿಯಲ್ಲಿ ಅಡ್ಡಾಡಿ, ಆದರೆ ಭಾರ ಇಳಿಸಿ. ಹೊರೆ ಸಣ್ಣದಾಗಲಿ, ಕೊಡ ಅರ್ಧವಾಗಲಿ, ಕಡಿಯುವ ಕೈ ನಡುನಡುವೆ ಬದಲಾಗಲಿ. ಈ ಔಷಧಕ್ಕೆ ಡಾಕ್ಟರ ಚೀಟಿ ಬೇಡ. ಗ್ಯಾಂಗಿನ ಮೇಸ್ತ್ರಿಯೂ ಮನೆಯ ಅತ್ತೆಯೂ ಒಪ್ಪಬೇಕು.